ಗಿರಣಿಯಕ್ಕ ಹುಡುಕಿದ ಶಾಲೆ

ಆ ವರ್ಷ ರಜೆ ಮುಗಿದು ಶಾಲೆಗಳು ತೆರೆಯುವ ಹೊತ್ತಿಗೆ ಬಡಾವಣೆಯ ಸರ್ಕಾರಿ ಪ್ರಾಥಮಿಕ ಶಾಲೆಯ ಗೋಡೆ ಬಿರುಕು ಬಿಟ್ಟಿತು. ಬೆರಳು ತೂರಿಸಿದರೆ ಆಚೆ ಬರುವಂಥ ಬಿರುಕು. ಎಂಜಿನಿಯರು ಬಂದರು, ಗೋಡೆ ತಟ್ಟಿ ನೋಡಿದರು, ಮುಖ ಸಪ್ಪಗೆ ಮಾಡಿಕೊಂಡು ಹೋದರು. ಮಾರನೇ ದಿನ ಗೇಟಿಗೆ ಬೀಗ ಬಿತ್ತು. ರಿಪೇರಿ ಮುಗಿಯುವ ತನಕ ಮಕ್ಕಳನ್ನು ಬೇರೆ ಯಾವ ಬಡಾವಣೆಯ ಸರ್ಕಾರಿ ಶಾಲೆಗಾದರೂ ಸೇರಿಸಬಹುದು, ಆಯ್ಕೆ ನಿಮ್ಮದು ಎಂದು ಮೇಲಿನಿಂದ ಹೇಳಿ ಕಳಿಸಿದರು.

ಆಯ್ಕೆ ನಿಮ್ಮದು ಅಂದದ್ದೇ ತಡ, ಅಪ್ಪ ಅಮ್ಮಂದಿರ ನೆಮ್ಮದಿ ಹಾರಿಹೋಯಿತು. ಅಲ್ಲಿಯವರೆಗೆ ಕಣ್ಣು ಮುಚ್ಚಿಕೊಂಡು ಹತ್ತಿರದ ಶಾಲೆಗೆ ಕಳಿಸುತ್ತಿದ್ದವರು ಈಗ ಮನೆ ಕೊಳ್ಳುವವರ ಹಾಗೆ ಊರೆಲ್ಲ ಸುತ್ತಿದರು. ಬಸ್ ಸ್ಟಾಪಿನಲ್ಲಿ, ಹಾಲಿನ ಅಂಗಡಿಯಲ್ಲಿ ಅದೇ ಮಾತು. ಗಡಿಯಾರ ಕಂಬದ ಹತ್ತಿರದ ಶಾಲೆಯಲ್ಲಿ ಲೆಕ್ಕ ಚೆನ್ನಾಗಿ ಹೇಳಿಕೊಡ್ತಾರಂತೆ. ಅಯ್ಯೋ, ಅಲ್ಲಿ ಮಕ್ಕಳು ಕುರಿಮಂದೆ ಹಾಗೆ ಇರ್ತಾವಂತೆ. ದಿಬ್ಬದ ಮೇಲಿನ ಶಾಲೆ ಹೊಸದು, ಹೊಳೀತದೆ. ಹೊಳೆದರೆ ಏನು ಬಂತು, ಶೌಚಾಲಯಕ್ಕೆ ನೀರು ಹತ್ತಲ್ಲವಂತೆ.

ಹೀಗೆ ತಲೆ ಕೆಡಿಸಿಕೊಂಡವರಲ್ಲಿ ಸಾಸಿವೆಯ ಅಪ್ಪ ಅಮ್ಮನೂ ಇದ್ದರು. ಸಾಸಿವೆ ಅವರ ಒಬ್ಬಳೇ ಮಗಳು, ಆ ವರ್ಷ ಒಂದನೇ ಕ್ಲಾಸಿಗೆ ಸೇರಬೇಕಾದವಳು. ಹುಟ್ಟಿದಾಗ ಅಂಗೈಯಲ್ಲಿ ಹಿಡಿಯುವಷ್ಟೇ ಇದ್ದಳೆಂದು ಬಂದ ಹೆಸರು ಅದು. ಬೆಳೆದ ಮೇಲೆ ಹೆಸರಿಗೆ ಇನ್ನೊಂದು ಕಾರಣವೂ ಸೇರಿತು. ಮನೆಯಲ್ಲಿ ಅವಳ ಬಾಯಿ ಕಾದ ಎಣ್ಣೆಗೆ ಬಿದ್ದ ಸಾಸಿವೆಯೇ, ಚಟಪಟ ಚಟಪಟ. ಅಪ್ಪ ಸಿಟಿ ಬಸ್ಸಿನ ಡ್ರೈವರ್. ಅವನು ಕೆಲಸದಿಂದ ಬಂದು ಬೂಟು ಬಿಚ್ಚುವುದರೊಳಗೆ ಅವಳು ದಿನದ ಸಮಾಚಾರವನ್ನೆಲ್ಲ ಒಪ್ಪಿಸಿ, ಎದುರುಮನೆಯ ಅಜ್ಜಿ ಕೆಮ್ಮುವುದನ್ನು ನಟಿಸಿ ತೋರಿಸಿ, ನಾಳೆ ಏನಾಗಬೇಕೆಂಬುದನ್ನೂ ತೀರ್ಮಾನಿಸಿಬಿಟ್ಟಿರುತ್ತಿದ್ದಳು.

ಆದರೆ ಹೊಸಿಲು ದಾಟಿದರೆ ಮುಗಿಯಿತು. ಒಂದೇ ಒಂದು ಮಾತಿಲ್ಲ. ಅಂಗಡಿಯವನು ಮಾತಾಡಿಸಿದರೂ ಇಲ್ಲ, ನೆಂಟರು ಮುದ್ದು ಮಾಡಿದರೂ ಇಲ್ಲ. ತುಟಿ ಬಿಗಿದುಕೊಂಡು, ಅಮ್ಮನ ಚೀಲದ ಹಿಡಿಯನ್ನು ತಿರುಚುತ್ತ ನಿಂತುಬಿಡುತ್ತಿದ್ದಳು. ಡಾಕ್ಟರು ಪರೀಕ್ಷೆ ಮಾಡಿ, ಗಂಟಲು, ಕಿವಿ, ಬುದ್ಧಿ ಎಲ್ಲ ಸರಿಯಾಗಿದೆ, ಒತ್ತಾಯ ಮಾಡಬೇಡಿ, ತನ್ನ ಹೊತ್ತಿಗೆ ತಾನು ಮಾತಾಡ್ತಾಳೆ ಅಂದಿದ್ದರು. ಅಪ್ಪನ ಅಕ್ಕ ಮಾತ್ರ ಬಂದಾಗೆಲ್ಲ, "ನೀವಿಬ್ಬರೂ ಮುದ್ದು ಮಾಡಿ ಹಾಳು ಮಾಡಿದ್ದೀರಿ. ಸ್ಟ್ರಿಕ್ಟ್ ಶಾಲೆಗೆ ಹಾಕಿ, ವಾರದಲ್ಲಿ ಬಾಯಿ ಬಿಡ್ತಾಳೆ," ಎನ್ನುತ್ತಿದ್ದಳು. ಅವಳ ಮನೆ ಗಡಿಯಾರ ಕಂಬದ ಹತ್ತಿರವೇ ಇತ್ತು.

ಹಾಗಾಗಿ ಅಮ್ಮ ಮೊದಲು ನೋಡಲು ಹೋದದ್ದು ಗಡಿಯಾರ ಕಂಬದ ಶಾಲೆಯನ್ನು. ಅವಳಿಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಗಾಜನ್ನು ಫ್ರೇಮಿನ ಅಳತೆಗೆ ಉಜ್ಜಿ ಕೂರಿಸುವುದು, ಎಳ್ಳಿನಷ್ಟು ಸ್ಕ್ರೂಗಳನ್ನು ಚಿಮುಟದಲ್ಲಿ ಹಿಡಿದು ತಿರುಗಿಸುವುದು. ಉಸಿರು ಬಿಗಿಹಿಡಿದು ಮಾಡುವ ಕೆಲಸ. ಅಂಗಡಿಯಲ್ಲಿ ರಜೆ ಕೇಳಿ ಮಗಳ ಕೈ ಹಿಡಿದು ಹೋದರೆ, ಶಾಲೆಯ ಮುಂದೆ ಜಾತ್ರೆಯಂಥ ಸಾಲು. ಅದೇ ಸಾಲಿನಲ್ಲಿ ಅವಳ ಮುಂದೆ ನಿಂತಿದ್ದವಳು ಗಿರಣಿಯಕ್ಕ.

ಗಿರಣಿಯಕ್ಕ ಪಕ್ಕದ ಬಡಾವಣೆಯಲ್ಲಿ ಹಿಟ್ಟಿನ ಗಿರಣಿ ನಡೆಸುವವಳು. ದಪ್ಪ ಮೈ, ಹುಬ್ಬಿನಲ್ಲಿ ಸದಾ ಒಂದಿಷ್ಟು ಹಿಟ್ಟು. ದಿನವಿಡೀ ಮೆಷಿನ್ನಿನ ಸದ್ದಿನ ಮೇಲೆ ಕೂಗಿ ಕೂಗಿ ಅವಳ ಪಿಸುಮಾತೂ ರಸ್ತೆಗೆ ಕೇಳುವಂತಿತ್ತು. ಅವಳ ಜೊತೆ, ಬೀಗ ಬಿದ್ದ ಅದೇ ಶಾಲೆಗೆ ಸೇರಬೇಕಿದ್ದ ಅವಳ ಮಗ. ಎಲ್ಲರೂ ಅವನನ್ನು ರೇಡಿಯೋ ಅಂತಲೇ ಕರೆಯುತ್ತಿದ್ದರು. ಅವನು ಸಾಸಿವೆಯನ್ನು ಕಂಡವನೇ ಶುರು ಹಚ್ಚಿಕೊಂಡ. ನಿನ್ನ ಹೆಸರೇನು, ನಮ್ಮ ಗಿರಣಿಯಲ್ಲಿ ಇಲಿ ಇದೆ, ನಿಮ್ಮ ಮನೇಲಿ ಇಲಿ ಇದೆಯಾ, ನನಗೆ ಒಂದು ಹಲ್ಲು ಬಿದ್ದಿದೆ ನೋಡು. ಸಾಸಿವೆ ತುಟಿ ಬಿಗಿದುಕೊಂಡೇ ಅವನ ಹಲ್ಲು ಬಿದ್ದ ಜಾಗವನ್ನು ಕುತೂಹಲದಿಂದ ನೋಡಿದಳು.

"ಯಾಕೆ, ಮಗು ಮಾತಾಡಲ್ವಾ?" ಗಿರಣಿಯಕ್ಕ ಕೇಳಿದಳು.

ಅಮ್ಮನಿಗೆ ಈ ಪ್ರಶ್ನೆ ಕೇಳಿ ಕೇಳಿ ಸಾಕಾಗಿತ್ತು. "ಹೊರಗಡೆ ಮಾತಾಡಲ್ಲ. ಮನೇಲಿ ಮಾತಾಡ್ತಾಳೆ," ಅಂದಳು ಚುಟುಕಾಗಿ.

"ಓ," ಅಂದಳು ಗಿರಣಿಯಕ್ಕ. ಅಷ್ಟೇ. ಪಾಪ ಅನ್ನಲಿಲ್ಲ, ಮದ್ದು ಹೇಳಲಿಲ್ಲ. ಮಗನ ಕಡೆ ಕೈ ತೋರಿಸಿ, "ನನ್ನವನು ಎರಡೂ ಕಡೆ ನಿಲ್ಲಿಸಲ್ಲ. ಟೀಚರ್‌ಗಳು ಓಡಿಹೋಗದಂಥ ಶಾಲೆ ಹುಡುಕ್ತಿದ್ದೀನಿ," ಅಂದು ಗಹಗಹಿಸಿ ನಕ್ಕಳು. ಅಮ್ಮನಿಗೂ ನಗು ಬಂತು. ಎಷ್ಟೋ ದಿನದ ಮೇಲೆ ಬಂದ ನಗು ಅದು.

ಸಾಲು ಕರಗುವಷ್ಟರಲ್ಲಿ ಇಬ್ಬರೂ ಒಂದು ಒಪ್ಪಂದಕ್ಕೆ ಬಂದಿದ್ದರು. ಇಬ್ಬರಿಗೂ ಕೆಲಸ ಬಿಟ್ಟು ಊರೆಲ್ಲ ಸುತ್ತುವುದಕ್ಕೆ ಆಗುವುದಿಲ್ಲ. ಮೇಲಿನ ಬಡಾವಣೆಗಳ ಶಾಲೆಗಳನ್ನು ಅಮ್ಮ ನೋಡುವುದು, ನದಿ ಕಡೆಯವನ್ನು ಗಿರಣಿಯಕ್ಕ ನೋಡುವುದು, ಆಮೇಲೆ ಒಬ್ಬರಿಗೊಬ್ಬರು ಹೇಳುವುದು. "ಆದರೆ ಕಂಡದ್ದನ್ನ ಕಂಡ ಹಾಗೆ ಹೇಳಬೇಕು. ಸೀಟು ಕಮ್ಮಿ ಇದೆ ಅಂತ ಬಚ್ಚಿಡೋ ಹಾಗಿಲ್ಲ," ಎಂದಳು ಗಿರಣಿಯಕ್ಕ. ಆ ದಿನಗಳಲ್ಲಿ ಜನ ಒಳ್ಳೆಯ ಶಾಲೆ ಸಿಕ್ಕರೆ ತಂಗಿಗೂ ಹೇಳುತ್ತಿರಲಿಲ್ಲ. ಹಾಗಾಗಿ ಆ ಮಾತು ಅಮ್ಮನ ಮನಸ್ಸಿನಲ್ಲಿ ಉಳಿಯಿತು.

ಒಳಗೆ ಟೀಚರು ಸಾಸಿವೆಯ ಹೆಸರು ಕೇಳಿದರು. ಉತ್ತರವಿಲ್ಲ. ಇನ್ನೊಮ್ಮೆ ಕೇಳಿದರು, ಸ್ವಲ್ಪ ಗಟ್ಟಿಯಾಗಿ. ಮೂಲೆಯಲ್ಲಿದ್ದ ಮಕ್ಕಳು ಕಿಸಕ್ಕೆಂದವು. ಟೀಚರು ಕೆಟ್ಟವರೇನಲ್ಲ. "ನಮ್ಮ ಕ್ಲಾಸಲ್ಲಿ ಮಕ್ಕಳು ಜಾಸ್ತಿ ಅಮ್ಮ. ಬಾಯಿ ಬಿಡದ ಮಗು ಕಳೆದುಹೋಗತ್ತೆ," ಎಂದು ನಿಜವನ್ನೇ ಹೇಳಿದರು. ರೇಡಿಯೋನನ್ನು ಕೇಳಿದಾಗ ಅವನು ಹೆಸರು, ಅಜ್ಜನ ಹೆಸರು, ಇಲಿಯ ಬಣ್ಣ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಸೀಟು ಗಿಟ್ಟಿಸಿಕೊಂಡ.

ದಿಬ್ಬದ ಮೇಲಿನ ಶಾಲೆಗೆ ಅಪ್ಪನೂ ಬಂದ. ಅವನಿಗೆ ಅದು ನೋಡುತ್ತಲೇ ಹಿಡಿಸಿತು. ಅಗಲ ಕಿಟಕಿ, ಹೊಸ ಬೆಂಚು, ನಲ್ಲಿ ತಿರುಗಿಸಿದರೆ ನೀರು. ಜನ ಹೇಳಿದ್ದು ಸುಳ್ಳಾಗಿತ್ತು. ಮುಖ್ಯೋಪಾಧ್ಯಾಯರು ಉತ್ಸಾಹದಿಂದ ಎಲ್ಲ ಸುತ್ತಿಸಿ ತೋರಿಸಿ, "ಇನ್ನೊಂದು ವಿಶೇಷ ಏನಂದ್ರೆ, ದಿನಾ ಬೆಳಿಗ್ಗೆ ಪ್ರತಿ ಮಗೂನೂ ಸರದಿ ಪ್ರಕಾರ ಮೈಕ್ ಮುಂದೆ ಬಂದು ಮಾತಾಡಬೇಕು. ನಮ್ಮಲ್ಲಿ ಅಂಜುಬುರುಕರೇ ಇಲ್ಲ," ಎಂದರು. ಅಮ್ಮ ಮಗಳ ಕಡೆ ನೋಡಿದಳು. ಸಾಸಿವೆ ಅಂಗಳದ ನಡುವೆ ನೆಟ್ಟಿದ್ದ ಆ ಮೈಕ್ ಕಂಬವನ್ನೇ ದಿಟ್ಟಿಸುತ್ತಿದ್ದಳು. ಮನೆಗೆ ಬರುವ ದಾರಿಯುದ್ದಕ್ಕೂ ಅವಳ ಕೈ ತಣ್ಣಗಿತ್ತು. ಆ ಸಂಜೆ ಮನೆಯಲ್ಲೂ ಅವಳು ಮಾತಾಡಲಿಲ್ಲ. ಅಪ್ಪ ಬೂಟು ಬಿಚ್ಚಿ ಕಾದು ಕೂತ. ಯಾವ ಸಮಾಚಾರವೂ ಬರಲಿಲ್ಲ.

ಕೆಲವು ದಿನ ಕಳೆದ ಮೇಲೆ ಕನ್ನಡಕದ ಅಂಗಡಿಗೆ ಫೋನ್ ಬಂತು. ಗಿರಣಿ ಓಡುತ್ತಲೇ ಇತ್ತು. ಆ ಸದ್ದಿನ ನಡುವೆ ಗಿರಣಿಯಕ್ಕ ಕಿರುಚುತ್ತಿದ್ದಳು. ಅಮ್ಮ ಫೋನನ್ನು ಕಿವಿಯಿಂದ ದೂರ ಹಿಡಿದರೂ ಅಂಗಡಿಯವರಿಗೆಲ್ಲ ಕೇಳಿಸಿತು.

"ಹಳೇ ಸೇತುವೆ ಹತ್ತಿರದ ಶಾಲೆ ನೋಡ್ಕೊಂಡು ಬಂದೆ ಕಣೇ! ಒಂದನೇ ಕ್ಲಾಸಿಗೆ ಎರಡು ಸೆಕ್ಷನ್. ಒಂದು ತುಂಬಿದೆ. ಇನ್ನೊಂದರಲ್ಲಿ ಜಾಗ ಇದೆ. ಯಾಕೆ ಜಾಗ ಇದೆ ಗೊತ್ತಾ? ಅಲ್ಲಿ ಟೀಚರಿಗೆ ಧ್ವನಿ ಇಲ್ಲ!"

"ಏನಂದ್ರಿ?"

"ಗಂಟಲು ಆಪರೇಷನ್ ಆಗಿದೆಯಂತೆ. ಪಿಸಪಿಸ ಅಂತ ಮಾತ್ರ ಮಾತಾಡ್ತಾರೆ. ಜನ ಹೆದರಿ ಮಕ್ಕಳನ್ನ ಬಿಡಿಸ್ಕೊಂಡು ಹೋಗ್ತಿದ್ದಾರೆ. ನಾನು ಕಿಟಕಿ ಹತ್ರ ನಿಂತು ನೋಡಿದೆ. ಆ ಮಕ್ಕಳು ಎಷ್ಟು ಹತ್ರ ಹೋಗಿ ಕೇಳಿಸ್ಕೊಳ್ತಾವೆ ಅಂತೀ! ಇಡೀ ಕ್ಲಾಸೇ ಪಿಸಪಿಸ. ಯಾರೂ ಯಾರಿಗೂ ಗಟ್ಟಿಯಾಗಿ ಹೇಳು ಅನ್ನಲ್ಲ. ನನ್ನವನನ್ನ ಅಲ್ಲಿ ಬಿಟ್ರೆ ಮಧ್ಯಾಹ್ನದೊಳಗೆ ಶಾಲೆ ಸುಟ್ಟುಬಿಡ್ತಾನೆ. ನನ್ನವನಿಗಲ್ಲ ಕಣೇ, ನೋಡ್ತಾ ನೋಡ್ತಾ ನಿನ್ನ ಮಗಳೇ ಕಣ್ಮುಂದೆ ಬಂದಳು!"

ಅಮ್ಮ ಫೋನ್ ಇಟ್ಟ ಮೇಲೆ ಸ್ವಲ್ಪ ಹೊತ್ತು ಚಿಮುಟ ಹಿಡಿದುಕೊಂಡೇ ಕೂತಳು. ಅವಳನ್ನು ತಟ್ಟಿದ್ದು ಶಾಲೆಯ ವಿಷಯವಲ್ಲ. ಆ ಹೆಂಗಸು ಹೊರಟಿದ್ದು ತನ್ನ ಮಗನಿಗೆ ಇನ್ನೂ ಒಳ್ಳೆಯ ಶಾಲೆ ಸಿಕ್ಕೀತೇ ಎಂದು ನೋಡಲು. ಗಿರಣಿ ನಿಲ್ಲಿಸಿ, ಬಿಸಿಲಲ್ಲಿ ಬಸ್ಸು ಹಿಡಿದು ಹೋಗಿ, ಒಂದು ಕಿಟಕಿಯ ಹತ್ತಿರ ನಿಂತು, ಒಮ್ಮೆ ಮಾತ್ರ ಕಂಡ, ತನ್ನೊಂದಿಗೆ ಒಂದು ಮಾತೂ ಆಡದ ಮಗುವನ್ನು ನೆನೆಸಿಕೊಂಡಿದ್ದಳು.

ಮನೆಯಲ್ಲಿ ಮಾತ್ರ ದೊಡ್ಡ ರಗಳೆಯಾಯಿತು.

"ಮಾತೇ ಆಡದ ಮಗಳಿಗೆ ಮಾತೇ ಹೊರಡದ ಟೀಚರಾ? ಒಳ್ಳೆ ಜೋಡಿ!" ಎಂದ ಅಪ್ಪ. ಅವನಿಗೆ ಕೋಪಕ್ಕಿಂತ ಹೆದರಿಕೆ ಜಾಸ್ತಿ ಇತ್ತು. "ಇರೋ ನಾಲ್ಕು ಮಾತೂ ಹೋದರೆ?"

ಅಪ್ಪನ ಅಕ್ಕನಂತೂ, "ಹಿಟ್ಟು ಬೀಸೋಳ ಮಾತು ಕೇಳಿ ಮಗೂನ ಹಾಳುಬಾವಿಗೆ ತಳ್ತೀಯಾ?" ಎಂದು ಮುಖ ಗಂಟು ಹಾಕಿಕೊಂಡಳು.

"ನೋಡ್ಕೊಂಡು ಬರ್ತೀನಿ. ನೋಡೋದಕ್ಕೇನು," ಎಂದಳು ಅಮ್ಮ. ಹೆಚ್ಚು ವಾದ ಮಾಡಲಿಲ್ಲ. ವಾದ ಮಾಡುವಷ್ಟು ಧೈರ್ಯ ಅವಳಿಗೂ ಇರಲಿಲ್ಲ.

ಸೇತುವೆ ಶಾಲೆ ಹಳೆಯದು, ಆದರೆ ಗಟ್ಟಿಮುಟ್ಟು. ಮೆಟ್ಟಿಲು ಸವೆದು ನಡುವೆ ಹಳ್ಳ ಬಿದ್ದಿತ್ತು. ಟೀಚರಿಗೆ ನಡುವಯಸ್ಸು, ಕುತ್ತಿಗೆಗೆ ತೆಳು ಬಟ್ಟೆ ಸುತ್ತಿಕೊಂಡಿದ್ದರು. ಅವರು ಬಾಗಿಲಲ್ಲೇ ಅಮ್ಮನ ಕಿವಿಯ ಹತ್ತಿರ ಬಂದು ಹೇಳಿದರು. ಒಣ ಎಲೆ ಸರಿದಂಥ ದನಿ.

"ಮುಂಚೆಯೇ ಹೇಳ್ಬಿಡ್ತೀನಿ. ತುಂಬ ಜನ ಬಿಡಿಸ್ಕೊಂಡು ಹೋಗಿದ್ದಾರೆ. ನಾನು ಕೂಗಿ ಕರೆಯೋಕೆ ಆಗಲ್ಲ, ಹಾಡು ಹೇಳಿಕೊಡೋಕೆ ಆಗಲ್ಲ. ಅದಕ್ಕೆ ಪಕ್ಕದ ಕ್ಲಾಸಿನವರು ಬರ್ತಾರೆ."

"ನನ್ನ ಮಗಳು ಹೊರಗೆ ಮಾತಾಡಲ್ಲ," ಅಂದಳು ಅಮ್ಮ. ಯಾಕೋ ಅವಳೂ ಪಿಸುಗುಟ್ಟಿದಳು.

ಟೀಚರು ತಲೆಯಾಡಿಸಿದರು. ಸಾಸಿವೆಯ ಹೆಸರು ಕೇಳಲಿಲ್ಲ, ಗಲ್ಲ ಹಿಡಿಯಲಿಲ್ಲ. ಒಳಗೆ ಹೋಗಿ ತಮ್ಮ ಕುರ್ಚಿಯಲ್ಲಿ ಕೂತು ಒಂದು ಕಥೆ ಶುರುಮಾಡಿದರು. ಮಕ್ಕಳು ಬೆಂಚು ಬಿಟ್ಟು ಬಂದು ಅವರ ಸುತ್ತ ನೆಲದ ಮೇಲೆ ಕೂತರು. ಬಾಗಿಲ ಹತ್ತಿರ ನಿಂತಿದ್ದ ಸಾಸಿವೆಗೆ ಸರಿಯಾಗಿ ಕೇಳಿಸುತ್ತಿರಲಿಲ್ಲ. ಒಂದು ಆನೆ ಕಳೆದುಹೋಗಿತ್ತೆಂದು ಮಾತ್ರ ಗೊತ್ತಾಗಿತ್ತು, ಅದು ಎಲ್ಲಿ ಹೋಯಿತೆಂದು ಗೊತ್ತಾಗಲಿಲ್ಲ. ಅವಳು ಅಮ್ಮನ ಚೀಲದ ಹಿಡಿ ಬಿಟ್ಟಳು. ಒಂದು ಹೆಜ್ಜೆ, ಇನ್ನೊಂದು ಹೆಜ್ಜೆ, ಕೊನೆಗೆ ಹೋಗಿ ಮಕ್ಕಳ ನಡುವೆ ತೂರಿಕೊಂಡು ಕೂತಳು. ಹೊಸ ಜಾಗದಲ್ಲಿ ಅವಳು ತಾನಾಗಿ ಅಮ್ಮನ ಚೀಲ ಬಿಟ್ಟದ್ದು ಅದೇ ಮೊದಲು.

ಅಮ್ಮ ಅವತ್ತೇ ಸೇರಿಸಿ ಬಂದಳು. ಅಪ್ಪ ಮುನಿಸಿಕೊಂಡ. "ಆಯ್ತು, ಅರ್ಧ ವರ್ಷ ನೋಡೋಣ. ಸರಿಹೋಗದಿದ್ರೆ ದಿಬ್ಬದ ಶಾಲೆ," ಎಂದು ಷರತ್ತು ಹಾಕಿದ.

ಮಾರನೇ ದಿನದಿಂದ ಶಾಲೆ ಶುರುವಾಯಿತು. ಸಾಸಿವೆ ಅಳದೆ ಹೋದಳು, ಅಳದೆ ಬಂದಳು. ಮನೆಯಲ್ಲಿ ಟೀಚರ ನಡಿಗೆ, ಟೀಚರ ಪಿಸುದನಿ, ಬೋರ್ಡ್ ಒರೆಸುವ ರೀತಿ ಎಲ್ಲದರ ನಟನೆಯೂ ನಡೆಯಿತು. ಆದರೆ ಶಾಲೆಯಲ್ಲಿ ಮಾತಾಡಿದಳೇ ಎಂದು ಕೇಳಿದರೆ ಟೀಚರು ಮುಗುಳ್ನಕ್ಕು, "ಆತುರ ಯಾಕೆ?" ಎನ್ನುತ್ತಿದ್ದರು. ಅಪ್ಪನ ಅಕ್ಕ ಬಂದಾಗೆಲ್ಲ "ಏನಂತಾಳೆ ಮೌನಗೌರಿ?" ಎಂದು ಚುಚ್ಚುವಳು. ಅಪ್ಪ ದಿಬ್ಬದ ಶಾಲೆಯ ಸುದ್ದಿಯನ್ನು ಮೆಲ್ಲಗೆ ಎತ್ತತೊಡಗಿದ. ಅಮ್ಮನಿಗೂ ಒಳಗೊಳಗೇ ಅಳುಕು. ಕೆಲಸದ ನಡುವೆ ಗಾಜು ಉಜ್ಜುತ್ತಾ, ತಾನು ಮಾಡಿದ್ದು ಸರಿಯೇ ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ಆಗ ಒಂದು ದಿನ ಬೆಳಿಗ್ಗೆ ಅಪ್ಪನ ಜೊತೆಯ ಡ್ರೈವರೊಬ್ಬ ರಜೆ ಹಾಕಿದ. ಅವನ ರೂಟಿಗೆ ಅಪ್ಪನನ್ನು ಕಳಿಸಿದರು. ಅದು ಹಳೇ ಸೇತುವೆ ಮೇಲೆ ಹೋಗುವ ರೂಟು. ಶಾಲೆಯ ಸ್ಟಾಪಿಗೆ ಬಂದು ಬಸ್ಸು ನಿಲ್ಲಿಸಿದರೆ, ಮಕ್ಕಳ ಒಂದು ಸಾಲು ಕೈ ಕೈ ಹಿಡಿದು ನಿಂತಿದೆ. ಮುಂದೆ ಕುತ್ತಿಗೆಗೆ ಬಟ್ಟೆ ಸುತ್ತಿದ ಟೀಚರು, ಪಕ್ಕದಲ್ಲಿ ಸಾಸಿವೆ. ತೋಟ ನೋಡಲು ಹೋಗುತ್ತೇವೆ ಎಂದು ಅವಳು ಹಿಂದಿನ ಸಂಜೆಯೇ ಹೇಳಿದ್ದಳು. ಅದು ಇದೇ ಬಸ್ಸಿನಲ್ಲಿ ಎಂದು ಯಾರಿಗೆ ಗೊತ್ತಿತ್ತು!

ಸಾಸಿವೆ ಅಪ್ಪನನ್ನು ನೋಡಿದಳು. ಕಣ್ಣು ಹೊಳೆಯಿತು. ಆದರೆ ಓಡಿ ಬರಲಿಲ್ಲ. ಡ್ಯೂಟಿಯಲ್ಲಿ ಇದ್ದವರ ಹಾಗೆ ಗಂಭೀರವಾಗಿ ಹತ್ತಿ, ಟೀಚರ ಪಕ್ಕ ನಿಂತಳು. ಅಪ್ಪನೂ ಗಂಭೀರವಾಗಿಯೇ ಬಾಗಿಲು ಮುಚ್ಚಿದ.

ಬಸ್ಸು ತುಂಬಿತ್ತು. ಎಂಜಿನ್ನಿನ ಗುಡುಗುಡು, ಹಾರನ್ನು, ಜನರ ಗಲಾಟೆ. ಕನ್ನಡಿಯಲ್ಲಿ ಅಪ್ಪನಿಗೆ ಕಾಣಿಸಿತು. ಟೀಚರು ಮಕ್ಕಳಿಗೆ ಏನೋ ಹೇಳುತ್ತಿದ್ದಾರೆ, ಮಕ್ಕಳಿಗೆ ಕೇಳಿಸುತ್ತಿಲ್ಲ. ಟೀಚರು ಬಗ್ಗಿ ಸಾಸಿವೆಯ ಕಿವಿಯಲ್ಲಿ ಹೇಳಿದರು. ಕ್ಲಾಸಿನಲ್ಲಿ ಹಾಗೆಯೇ ನಡೆಯುತ್ತಿತ್ತೆಂದು ಆಮೇಲೆ ತಿಳಿಯಿತು. ಹಿಂದಿನವರಿಗೆ ಕೇಳಿಸದಿದ್ದರೆ ಮುಂದೆ ಕೂತವರು ಪಕ್ಕದವರ ಕಿವಿಗೆ ದಾಟಿಸಬೇಕು. ಕೆಲವು ವಾರಗಳಿಂದ ಸಾಸಿವೆಯೂ ದಾಟಿಸುತ್ತಿದ್ದಳು, ಪಿಸುಮಾತಿನಲ್ಲಿ. ಟೀಚರು ಅದನ್ನು ಯಾರಿಗೂ ಹೇಳದೆ, ಎಳೆ ಸಸಿಯನ್ನು ಮುಟ್ಟಿ ನೋಡಬಾರದೆಂಬಂತೆ ಇದ್ದುಬಿಟ್ಟಿದ್ದರು. ಆದರೆ ಬಸ್ಸಿನಲ್ಲಿ ಪಿಸುಮಾತು ನಡೆಯುವಂತಿರಲಿಲ್ಲ. ಸಾಸಿವೆ ಪಕ್ಕದ ಹುಡುಗಿಯ ಕಿವಿಗೆ ಹೇಳಿದಳು. ಹುಡುಗಿ "ಆಂ?" ಅಂದಳು. ಇನ್ನೊಮ್ಮೆ ಹೇಳಿದಳು. "ಆಂ?"

"ಕಂಬಿ ಹಿಡ್ಕೋಬೇಕಂತೆ! ಎಲ್ಲರೂ! ಗಟ್ಟಿಯಾಗಿ!"

ಅದು ಅಪ್ಪನ ಕಿವಿಗೂ ಬಿತ್ತು. ಅಷ್ಟು ಜನ ಅಪರಿಚಿತರ ನಡುವೆ, ತನ್ನ ಮನೆಯ ದನಿ. ತಿರುಗಿ ನೋಡಬೇಕೆಂದು ಜೀವ ತುಡಿಯುತ್ತಿತ್ತು, ನೋಡುವಂತಿಲ್ಲ. ಮುಂದೆ ಸೇತುವೆ. ಅವನು ರಸ್ತೆ ನೋಡುತ್ತಾ ಕಿವಿಯನ್ನು ಹಿಂದಕ್ಕೆ ಬಿಟ್ಟ. ಬಸ್ಸು ಎತ್ತಿನಗಾಡಿಯಂತೆ ತೆವಳಿತು. "ಏನ್ರೀ ಡ್ರೈವರೇ, ಇಳಿದು ನಡೆದರೆ ಬೇಗ ಹೋಗ್ತೀವಿ!" ಎಂದು ಯಾರೋ ರೇಗಿದರು. ಅವನಿಗೆ ಅದು ಹಾಡಿನಂತೆ ಕೇಳಿಸಿತು.

"ಮುಂದಿನ ಸ್ಟಾಪಲ್ಲಿ ಇಳಿಯೋದಂತೆ. ಯಾರೂ ತಳ್ಳಬಾರದಂತೆ," ಇನ್ನೊಂದು ಆಜ್ಞೆ ಹೊರಟಿತು. ಅಪ್ಪ ಕನ್ನಡಿಗೆ ಕಣ್ಣು ಹಾಯಿಸಿದ. ಟೀಚರು ಈಗ ಕಿಟಕಿಯಾಚೆ ಸ್ಟಾಪನ್ನು ಹುಡುಕುತ್ತಿದ್ದರು. ಸಾಸಿವೆಯ ಕಿವಿಯ ಹತ್ತಿರ ಯಾರೂ ಇರಲಿಲ್ಲ. ಆಗ ಅವಳು ಎದುರಿಗಿದ್ದ ಒಬ್ಬ ಹುಡುಗನ ಕಾಲನ್ನು ನೋಡಿ, ಮನೆಯಲ್ಲಿ ಅಪ್ಪನನ್ನು ಗದರಿಸುವ ಅದೇ ದನಿಯಲ್ಲಿ ಹೇಳಿದಳು:

"ಏಯ್, ನಿನ್ನ ಲೇಸ್ ಬಿಚ್ಚಿಹೋಗಿದೆ. ಕಟ್ಕೋ. ಬೀಳ್ತೀಯಾ ಆಮೇಲೆ."

ಅದು ಟೀಚರು ಹೇಳಿಕೊಟ್ಟ ಮಾತಾಗಿರಲಿಲ್ಲ. ಟೀಚರು ಥಟ್ಟನೆ ತಿರುಗಿದರು. ಕನ್ನಡಿಯಲ್ಲಿ ಅವರ ಕಣ್ಣೂ ಅಪ್ಪನ ಕಣ್ಣೂ ಕೂಡಿದವು. ಟೀಚರು ತುಟಿಯ ಮೇಲೆ ಬೆರಳಿಟ್ಟರು, ಸುಮ್ಮನಿರಿ, ಏನೂ ಆಗದ ಹಾಗೆ ಇರಿ ಎಂಬಂತೆ. ಅಪ್ಪ ಏನೂ ಆಗದ ಹಾಗೆ ಬಸ್ಸು ನಿಲ್ಲಿಸಿದ, ಬಾಗಿಲು ತೆಗೆದ. ಮಕ್ಕಳೆಲ್ಲ ಇಳಿದ ಮೇಲೂ ಬಾಗಿಲು ಮುಚ್ಚುವುದು ಮರೆತು ಕೂತಿದ್ದ. ಕಂಡಕ್ಟರ್ ಬಂದು ಭುಜ ಅಲುಗಿಸಿ, "ಯಾಕಣ್ಣ, ಕಣ್ಣಿಗೆ ಧೂಳು ಬಿತ್ತಾ?" ಎಂದ. "ಹೂಂ ಕಣೋ," ಎಂದ ಅಪ್ಪ.

ಸಂಜೆ ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದ. ಲೇಸಿನ ವಿಷಯವನ್ನು ಮೂರು ಸಲ ಹೇಳಿದ. ಅಮ್ಮ ಅಲ್ಲೇ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಸಾಸಿವೆ ಇಬ್ಬರನ್ನೂ ನೋಡಿ, "ನಿಮಗೇನಾಯ್ತು? ಆ ಹುಡುಗ ದಿನಾ ಬೀಳ್ತಾನೆ," ಎಂದು ತನ್ನ ಆಟಕ್ಕೆ ಹೋದಳು.

"ದಿಬ್ಬದ ಶಾಲೆ ಬೇಡ," ಎಂದ ಅಪ್ಪ ಆಮೇಲೆ. "ಆ ಗಿರಣಿಯವರನ್ನ ನಾನು ಒಂದು ಸಲಾನೂ ನೋಡಿಲ್ಲ. ಹೋಗಿ ಬರೋಣ," ಅಂದ.

ಮುಂದಿನ ರಜೆಯ ದಿನ ಮೂವರೂ ಹೋದರು. ಗಿರಣಿಯಲ್ಲಿ ಜನವಿತ್ತು. ಬೆಲ್ಟ್ ಪಟಪಟ ಹೊಡೆದುಕೊಳ್ಳುತ್ತಿತ್ತು, ಗಾಳಿಯೆಲ್ಲ ಬಿಸಿ ಹಿಟ್ಟಿನ ವಾಸನೆ. ಗಿರಣಿಯಕ್ಕ ಡಬ್ಬಕ್ಕೆ ಕೈ ಹಾಕಿ ಹಿಟ್ಟಿನ ನುಣುಪು ನೋಡುತ್ತಿದ್ದವಳು ಇವರನ್ನು ಕಂಡು ಮೆಷಿನ್ ನಿಲ್ಲಿಸಿದಳು. ಅಪ್ಪ ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದ. ಸದ್ದು ನಿಂತದ್ದೇ ಎಲ್ಲ ಮರೆತುಹೋಯಿತು.

"ನೀವು ಆವತ್ತು ಆ ಕಿಟಕಿ ಹತ್ರ ನಿಲ್ಲದೆ ಇದ್ದಿದ್ರೆ..." ಎಂದು ಶುರುಮಾಡಿ ನಿಲ್ಲಿಸಿದ.

"ಅಯ್ಯೋ ಬಿಡಿ ಅಣ್ಣ, ಬಸ್ಸು ತಪ್ಪಿಹೋಗಿತ್ತು, ನೆರಳು ಇತ್ತು ಅಂತ ಅಲ್ಲಿ ನಿಂತೆ," ಎಂದು ಗಿರಣಿಯಕ್ಕ ನಕ್ಕಳು. ಕಣ್ಣು ಮಾತ್ರ ತುಂಬಿ ಬಂದಿತ್ತು. ಹಿಟ್ಟಿನ ಕೈಯಲ್ಲೇ ಒರೆಸಿಕೊಂಡಳು, ಕೆನ್ನೆ ಬೆಳ್ಳಗಾಯಿತು.

ಅಷ್ಟರಲ್ಲಿ ರೇಡಿಯೋ ಎಲ್ಲಿಂದಲೋ ಓಡಿ ಬಂದ. ಗಡಿಯಾರ ಕಂಬದ ಶಾಲೆಯಲ್ಲಿ ತಾನು ಮಾನಿಟರ್ ಆದದ್ದು, ಒಂದೇ ದಿನಕ್ಕೆ ಆ ಕೆಲಸ ಕಳೆದುಕೊಂಡದ್ದು, ಹೊಸ ಹಲ್ಲು ಬಂದದ್ದು, ಎಲ್ಲ ಹೇಳತೊಡಗಿದ. ಸಾಸಿವೆ ಒಂದು ಮೂಟೆಯ ಮೇಲೆ ಕೂತು ಕೇಳಿದಳು. ಗಿರಣಿಯಕ್ಕ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು, "ಚೆನ್ನಾಗಿದೀಯಾ ಮರೀ?" ಎಂದು ಕೇಳಿದಳು. ತನ್ನ ಜೀವಮಾನದಲ್ಲೇ ಅಷ್ಟು ಮೆಲ್ಲಗೆ ಅವಳು ಮಾತಾಡಿರಲಿಕ್ಕಿಲ್ಲ.

ಸಾಸಿವೆ ಉತ್ತರ ಕೊಡಲಿಲ್ಲ. ತುಟಿ ಬಿಗಿದುಕೊಂಡೇ ಇದ್ದಳು. ಅಮ್ಮನಿಗೆ ನಾಚಿಕೆಯಾಯಿತು. "ಹೇಳೇ, ನಿನಗೆ ಶಾಲೆ ಹುಡುಕಿಕೊಟ್ಟೋರು ಇವರೇ," ಎನ್ನಲು ಹೊರಟಳು.

ಗಿರಣಿಯಕ್ಕ ಕೈ ಎತ್ತಿ ತಡೆದಳು. "ಬಿಡೇ. ನನ್ನ ಹತ್ರ ಮಾತಾಡಲಿ ಅಂತ ಹುಡುಕಿದ್ದಲ್ಲ." ಆಮೇಲೆ ಎದ್ದು, ಎಂದಿನ ದನಿಯಲ್ಲಿ, "ಬಂದಿದ್ದೀರಿ, ಚಹಾ ಕುಡಿದೇ ಹೋಗಬೇಕು. ರೇಡಿಯೋ, ಸ್ಟೂಲ್ ತಗೊಂಡು ಬಾರೋ!" ಎಂದು ಕೂಗಿದಳು.

ಕಾಯುತ್ತಿದ್ದ ಗಿರಾಕಿಯೊಬ್ಬ ಗೊಣಗಿದ. ಅವನಿಗೂ ಒಂದು ಲೋಟ ಚಹಾ ಬಂತು. ಅಪ್ಪ ಸ್ಟೂಲಿನ ಮೇಲೆ ಕೂತು ರೇಡಿಯೋ ಹೇಳುತ್ತಿದ್ದ ಇಲಿಯ ಕಥೆಗೆಲ್ಲ ಹೂಂಗುಟ್ಟಿದ. ಅಮ್ಮ ಗಿರಣಿಯಕ್ಕನ ಕೆನ್ನೆಯ ಹಿಟ್ಟನ್ನು ತನ್ನ ಕರವಸ್ತ್ರದಿಂದ ಒರೆಸಿದಳು. ಕನ್ನಡಕದ ಗಾಜು ಒರೆಸಿ ಅಭ್ಯಾಸವಾದ ಕೈ ಅದು, ನಿಧಾನವಾಗಿ, ಒಂದು ಕಣವೂ ಉಳಿಯದಂತೆ ಒರೆಸಿತು. ಗಿರಣಿಯಕ್ಕ, ಅಷ್ಟು ಬಾಯಿಯ ಹೆಂಗಸು, ಮಗುವಿನ ಹಾಗೆ ಮುಖ ಕೊಟ್ಟು ಸುಮ್ಮನೆ ನಿಂತಿದ್ದಳು.